ಎರಡನೇ ಕ್ಲಾಸಿನ ಏಳನೇ ಹೆಸರು

ಶಾಲೆ ಸುರುವಾದ ಮೊದಲ ವಾರದಲ್ಲಿ ಪೋಷಕರ ಸಭೆ ಕರೆಯಬೇಕು, ಮಕ್ಕಳನ್ನು ಶಾಲೆಗೆ ಕಳುಹಿಸುವವರು ತಿಳಿದಿರಬೇಕಾದ ಸಂಗತಿಗಳನ್ನು ಬರೆದು ಓದಿ ಹೇಳಬೇಕು ಎಂದು ಪುತ್ತೂರಿನ ಇಲಾಖೆ ಕಚೇರಿಯಿಂದ ಕಾಗದ ಬಂತು. 1962ರ ಮೇ ತಿಂಗಳ ಕೊನೆ ಅದು. ಹೆಡ್‌ಮಾಸ್ತರು ಯಜ್ಞೇಶ್ವರ ಭಟ್ಟರು ಕಾಗದವನ್ನು ಎರಡು ಸಲ ಓದಿ, ಮಡಚಿ, ನನ್ನ ಮುಂದೆ ಇಟ್ಟರು.

“ರಾಜೀವಿ ಟೀಚರೇ, ಇದು ನೀವೇ ಬರೆದುಬಿಡಿ. ನಿಮ್ಮ ಅಕ್ಷರ ಚಂದ ಉಂಟು.”

ಅಕ್ಷರ ಚಂದ ಇರುವುದೂ ಒಂದು ಶಾಪವೇ. ಊರಿನ ಕತ್ತೆಚಾಕರಿಯೆಲ್ಲ ಅಂಥವರ ತಲೆಗೇ ಬರುತ್ತದೆ. ಮೊದಲಾಗಿದ್ದರೆ ಈ ಮಾತನ್ನು ಭಟ್ಟರ ಮುಖಕ್ಕೇ ಹೇಳಿಬಿಡುತ್ತಿದ್ದೆ. ನನ್ನ ಬಾಯಿ ಅಂಥದ್ದು. ಮಕ್ಕಳು ಹಿಂದಿನಿಂದ ನನ್ನನ್ನು ಗಾಂಧಾರಿ ಮೆಣಸು ಎನ್ನುತ್ತಿದ್ದವು, ನನಗೆ ಗೊತ್ತಿಲ್ಲವೆಂದು ತಿಳಿದುಕೊಂಡಿದ್ದವು. ಆ ವರ್ಷ ಮಾತ್ರ ಆಯಿತು ಎಂದು ಕಾಗದ ತೆಗೆದುಕೊಂಡೆ.

ನಮ್ಮದು ಕುಂಟಾಲಗುಂಡಿಯ ಎಲಿಮೆಂಟರಿ ಶಾಲೆ. ಕಡಬಕ್ಕೆ ಹೊಳೆ ದಾಟಿ ನಾಲ್ಕು ಮೈಲು. ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಮಕ್ಕಳು, ಎರಡು ಕೋಣೆ, ಪಾಠ ಹೇಳುವವರು ನಾವಿಬ್ಬರು. ನಲವತ್ತು ಮಕ್ಕಳಿದ್ದರೆ ಇಬ್ಬರು, ಮೂವತ್ತೊಂಬತ್ತಕ್ಕೆ ಇಳಿದರೆ ಒಬ್ಬರೇ ಎಂದು ಇಲಾಖೆಯವರು ನಮಗೆ ಹೇಳಿದ್ದರು. ಒಬ್ಬರೇ ಆದರೆ ಮೂರನೇ, ನಾಲ್ಕನೇ ಕ್ಲಾಸು ಮುಚ್ಚಬೇಕು. ಆ ಕ್ಲಾಸಿನ ಗಂಡುಮಕ್ಕಳು ಹೇಗೋ ಹೊಳೆ ದಾಟಿ ಕಡಬಕ್ಕೆ ಹೋದಾರು. ಹೆಣ್ಣುಮಕ್ಕಳನ್ನು ಯಾರೂ ಕಳುಹಿಸುವುದಿಲ್ಲ. ಅವರ ಓದು ಅಲ್ಲಿಗೆ ಮುಗಿಯಿತು.

ಆ ಜೂನಿನಲ್ಲಿ ಹಾಜರಿ ಪುಸ್ತಕದಲ್ಲಿ ಸರಿಯಾಗಿ ನಲವತ್ತು ಹೆಸರುಗಳಿದ್ದವು. ಎರಡನೇ ಕ್ಲಾಸಿನ ಏಳನೇ ಹೆಸರು ನನ್ನ ಮಗಳು ಗೋದಾವರಿಯದು. ಅವಳು ತೀರಿಕೊಂಡು ಒಂಬತ್ತು ತಿಂಗಳಾಗಿತ್ತು.

ಆ ಹೆಸರನ್ನು ಉಳಿಸಿದವಳು ನಾನೇ. ಯಾರೂ ಹೇಳಿ ಮಾಡಿಸಿದ್ದಲ್ಲ. ಅವಳನ್ನು ಮಣ್ಣು ಮಾಡಿದ ಎಂಟನೇ ದಿನಕ್ಕೆ ನಾನು ಶಾಲೆಗೆ ಬಂದೆ. ಆಗ ಅವಳದು ಒಂದನೇ ಕ್ಲಾಸು. ಹಾಜರಿ ಕರೆಯುತ್ತ ಆರನೇ ಹೆಸರಿನಿಂದ ಎಂಟನೇ ಹೆಸರಿಗೆ ಹಾರಿದೆ. ಮಕ್ಕಳು ತಲೆ ತಗ್ಗಿಸಿದರು. ಹೆಸರಿನ ಮುಂದಿನ ಚೌಕದಲ್ಲಿ ಏನಾದರೂ ಬರೆಯಬೇಕಲ್ಲ, ‘ಗೈ’ ಎಂದು ಬರೆದೆ. ಗೈರುಹಾಜರಿ. ಒಂದು ತಿಂಗಳು ಬಿಡದೆ ಗೈರಾದ ಮಗುವಿನ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದು ತೆಗೆಯಬೇಕು ಎಂಬುದು ನಿಯಮ. ತಿಂಗಳು ತುಂಬುವ ಹಿಂದಿನ ದಿನ ಪೆನ್ನು ಆ ಚೌಕದಲ್ಲಿ ‘ಹಾ’ ಎಂದು ಬರೆಯಿತು. ಪೆನ್ನು ತಾನಾಗಿ ಬರೆಯುತ್ತದೆಯೇ? ನಾನೇ ಬರೆದೆ. ಮತ್ತೆ ಒಂದು ತಿಂಗಳು ಗೈರು, ಒಂದು ದಿನ ಹಾಜರು. ಏಪ್ರಿಲಿನಲ್ಲಿ ಅವಳನ್ನು ಎರಡನೇ ಕ್ಲಾಸಿಗೆ ಪಾಸೂ ಮಾಡಿದೆ. ಓದುವುದರಲ್ಲಿ ಅವಳು ಚುರುಕಿದ್ದಳು, ಕಳೆಯುವ ಲೆಕ್ಕದಲ್ಲಿ ಸ್ವಲ್ಪ ಹಿಂದೆ. ಅಷ್ಟಕ್ಕೆ ಯಾರೂ ಫೇಲು ಮಾಡುವುದಿಲ್ಲ.

ಭಟ್ಟರು ನೋಡಿದ್ದರು. ನೋಡಿಯೂ ಸುಮ್ಮನಿದ್ದರು. ಅವರು ಪಾಪದವರು, ಇರುವೆಗೂ ದಾರಿ ಬಿಡುವ ಜನ.

ನಾನು ಅತ್ತಿರಲಿಲ್ಲ. ಅಳು ಬರುತ್ತದೆ, ಬರುತ್ತದೆ ಎಂದು ನೆರೆಕರೆಯ ಹೆಂಗಸರು ನಾಲ್ಕು ದಿನ ನನ್ನ ಸುತ್ತ ಕುಳಿತು ಕಾದು, ಕೊನೆಗೆ ಬೇಸತ್ತು ಎದ್ದು ಹೋದರು. “ಕಲ್ಲು ಮಾರಾಯ್ತಿ, ಕಲ್ಲು,” ಎಂದು ಒಬ್ಬಳು ಅಂಗಳ ದಾಟುವ ಮೊದಲೇ ಹೇಳಿದ್ದು ಕೇಳಿಸಿತು. ಸಿಟ್ಟೂ ಬರಲಿಲ್ಲ. ನನ್ನ ಗಂಡ ಪದ್ಮಯ್ಯ ಕೊಡಗಿನ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರು. ಬಂದರು, ಐದು ದಿನ ಇದ್ದರು, ಹೋದರು. ಹೊರಡುವಾಗ ತಾವು ಕುಡಿದ ಲೋಟವನ್ನು ತೊಳೆದು ಕವುಚಿಟ್ಟರು. ನನಗೆ ಆ ಮನುಷ್ಯನ ಬಗ್ಗೆ ನೆನಪಿರುವುದು ಅಷ್ಟೇ. ತಿನ್ನುತ್ತಿದ್ದೆ, ನಿದ್ದೆ ಮಾಡುತ್ತಿದ್ದೆ, ಪಾಠ ಹೇಳುತ್ತಿದ್ದೆ. ತಪ್ಪು ಮಗ್ಗಿ ಹೇಳಿದವರಿಗೂ ಹೂಂ ಎನ್ನುತ್ತಿದ್ದೆ. ಬೈಯುವುದನ್ನು ನಿಲ್ಲಿಸಿದ ಮೇಲೆಯೇ ಮಕ್ಕಳು ನನಗೆ ಹೆದರಲು ಸುರುಮಾಡಿದವು.

ಗೋದಾವರಿ ಹೋದದ್ದು ಗಂಟಲಮಾರಿಯಲ್ಲಿ. ಸೆಪ್ಟೆಂಬರಿನಲ್ಲಿ ಇನ್‌ಸ್ಪೆಕ್ಟರು ಬರುವ ದಿನ ಬೆಳಿಗ್ಗೆ ಅವಳ ಮೈ ಸುಡುತ್ತಿತ್ತು. ಗಂಟಲು ನೋವು, ಎಂಜಲು ನುಂಗಲಿಕ್ಕೆ ಆಗುವುದಿಲ್ಲ ಎಂದಳು. ಶಾಲೆಯಲ್ಲಿ ಆಗಲೂ ನಲವತ್ತಕ್ಕೆ ನಲವತ್ತೇ. ಇನ್‌ಸ್ಪೆಕ್ಟರು ಬರುವ ದಿನ ಮನೆಮನೆಗೆ ಹೋಗಿ ಮಕ್ಕಳನ್ನು ಎಳೆದುಕೊಂಡು ಬರುವುದು ನಮ್ಮ ಕಡೆಯ ಶಾಲೆಗಳ ರೂಢಿ. ಕಜ್ಜಿಯಾದದ್ದು, ಕಾಲು ಉಳುಕಿದ್ದು, ಎಮ್ಮೆಯ ಬಾಲ ಹಿಡಿದುಕೊಂಡು ನಿಂತದ್ದು, ಎಲ್ಲವನ್ನೂ ತಂದು ಸಾಲಿನಲ್ಲಿ ಕೂರಿಸುತ್ತಿದ್ದೆವು. ಬೇರೆಯವರ ಮಕ್ಕಳನ್ನು ಎಳೆದು ತರುವವಳಿಗೆ ತನ್ನ ಮಗಳನ್ನು ಮನೆಯಲ್ಲಿ ಮಲಗಿಸಲು ಆಗುತ್ತದೆಯೇ? ಬೆಲ್ಲದ ಬಿಸಿನೀರು ಕುಡಿಸಿ, ಗೋಡೆಗೆ ಒರಗಿಸಿ ಕೂರಿಸಿದೆ. ಹೆಸರು ಕರೆದಾಗ ಹಾಜರ್ ಎಂದಳು, ಸ್ವರ ಒಡೆದಿತ್ತು. ಮರುದಿನವೂ ಇನ್‌ಸ್ಪೆಕ್ಟರು ಇದ್ದರು, ಮರುದಿನವೂ ಕೂರಿಸಿದೆ. ಮೂರನೇ ದಿನ ಎತ್ತಿಕೊಂಡು ಹೊಳೆ ದಾಟಿ, ಲಾರಿ ಹತ್ತಿ ಪುತ್ತೂರಿಗೆ ಹೋದೆ. ಡಾಕ್ಟರು ಬಾಯಿ ತೆರೆಸಿ ನೋಡಿ, “ಎರಡು ದಿನ ಮೊದಲು ತರಬೇಕಿತ್ತಲ್ಲ ಅಮ್ಮಾ,” ಎಂದರು. ಎರಡು ದಿನ.

ಸಭೆಗೆ ಬರೆಯುವ ಸಂಗತಿಗಳನ್ನು ಒಂದೇ ಬೈಠಕಿನಲ್ಲಿ ಬರೆದು ಮುಗಿಸಿದೆ. ಮಗುವಿಗೆ ಐದು ವರ್ಷ ತುಂಬಿರಬೇಕು. ಸಿಡುಬಿನ ಅಚ್ಚು ಹಾಕಿಸಿದ ಗುರುತು ತೋಳಿನಲ್ಲಿರಬೇಕು. ಸ್ಲೇಟು, ಕಡ್ಡಿ ಮತ್ತು ಹಾಲಿನ ಪುಡಿಯ ಹಾಲು ಕುಡಿಯಲು ಒಂದು ಲೋಟ ಕಳುಹಿಸುವುದು. ಸೋಮವಾರ ಉಗುರು ನೋಡಲಾಗುವುದು. ತಲೆಗೆ ಎಣ್ಣೆ ಹಾಕಿ, ಬಾಚಿ, ಹೇನು ತೆಗೆದು ಕಳುಹಿಸುವುದು. ಅಡಿಕೆ ಹೆಕ್ಕಲಿಕ್ಕೆಂದೋ, ತೊಟ್ಟಿಲು ತೂಗಲಿಕ್ಕೆಂದೋ ಮಗುವಿನ ಶಾಲೆ ತಪ್ಪಿಸಬಾರದು. ನಡೆದು ದಾಟುವ ಮರದ ಸಂಕಕ್ಕೆ ಹೊಳೆಯ ನೀರು ಮುಟ್ಟಿದ ದಿನ ಆಚೆ ಬದಿಯ ಮಕ್ಕಳನ್ನು ಕಳುಹಿಸಬಾರದು, ಆ ದಿನವನ್ನು ಗೈರು ಎಂದು ಹಿಡಿಯುವುದಿಲ್ಲ. ಹೀಗೆ ಹತ್ತು ಸಂಗತಿ. ಹನ್ನೊಂದನೆಯದು ಏನೆಂದು ನನಗೆ ಗೊತ್ತಿತ್ತು. ಬರೆಯಲಿಲ್ಲ.

ಸಭೆಗೆ ಇಪ್ಪತ್ತೈದು ಜನ ಬಂದಿದ್ದರು. ಗಂಡಸರು ಬೆಂಚಿನಲ್ಲಿ, ಹೆಂಗಸರು ಜಗಲಿಯಲ್ಲಿ. ನಾನು ನಿಂತು ಒಂದೊಂದೇ ಓದಿದೆ. ಅಡಿಕೆ ಹೆಕ್ಕುವ ಮಾತು ಬಂದಾಗ ಕುಕ್ಕಪ್ಪ ಗೌಡ ಎದ್ದು ನಿಂತ. ಅವನ ಮೂರು ಮಕ್ಕಳು ನಮ್ಮಲ್ಲೇ ಇದ್ದರು.

“ಅದೆಲ್ಲ ಸರಿ ಟೀಚರೇ. ಮಕ್ಕಳು ಶಾಲೆಗೆ ಬಂದ್ರೆ ನಮ್ಮ ಎಮ್ಮೆ ಮೇಯಿಸುದು ಯಾರು? ಭಟ್ಟರು ಬರ್ತಾರಾ?”

ಜನ ಬಿದ್ದು ಬಿದ್ದು ನಕ್ಕರು. ಭಟ್ಟರೂ ನಕ್ಕರು. “ಬರ್ತೇನೆ ಮಾರಾಯ, ಎಮ್ಮೆಗೆ ಮಗ್ಗಿ ಕಲಿಸಿ ಬರ್ತೇನೆ,” ಎಂದರು. ಇನ್ನೊಬ್ಬ, ಹೇನು ಶಾಲೆಯಿಂದಲೇ ಮನೆಗೆ ಬರುದು, ಮನೆಯಿಂದ ಶಾಲೆಗೆ ಬರುದಲ್ಲ ಎಂದು ವಾದಕ್ಕೆ ನಿಂತ. ನಾನು ಅವರು ನಕ್ಕು ಮುಗಿಸಲಿ ಎಂದು ಕಾದೆ, ಮುಂದಿನದನ್ನು ಓದಿದೆ. ಹತ್ತೂ ಮುಗಿದವು.

ಆಗ ಜಗಲಿಯಿಂದ ನೆಬೀಸ ಕೇಳಿದಳು. ಅವಳ ಗಂಡ ಪೋಕರ್ ಸೈಕಲಿನಲ್ಲಿ ಒಣಮೀನು ಮಾರುವವನು. ದೊಡ್ಡ ಮಗಳು ಬೀಫಾತಿಮ ನಮ್ಮ ಮೂರನೇ ಕ್ಲಾಸು. ಇಡೀ ಊರಿನಲ್ಲಿ ಮಗಳನ್ನು ಒಂದು ದಿನವೂ ತಪ್ಪಿಸದೆ ಶಾಲೆಗೆ ಕಳುಹಿಸುವ ತಾಯಿ ಎಂದರೆ ಅವಳೊಬ್ಬಳೇ.

“ಟೀಚರೇ, ಮಕ್ಕಳಿಗೆ ಜ್ವರ ಬಂದ್ರೆ ಎಂತ ಮಾಡುದು? ಅದು ನೀವು ಹೇಳ್ಲೇ ಇಲ್ಲ.”

ಅವಳಿಗೆ ಹೊಳೆದೇ ಇರಲಿಲ್ಲ. ಕೇಳಿ ಮುಗಿಸಿದ ಮೇಲೆ ಹೊಳೆಯಿತು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು, “ಅಲ್ಲಾ, ನನ್ನ ಬಾಯಿಗೆ ಬೆಂಕಿ ಬೀಳ,” ಎಂದಳು. ಬೆಂಚಿನ ಮೇಲಿದ್ದವರೆಲ್ಲ ತಮ್ಮ ತಮ್ಮ ಪಾದ ನೋಡಿಕೊಂಡರು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂಬ ಗಾದೆ ಅಲ್ಲಿ ಎಷ್ಟು ಜನರ ನಾಲಗೆ ತುದಿಗೆ ಬಂದು ನಿಂತಿತ್ತೋ. ಯಾರೂ ಹೇಳಲಿಲ್ಲ. ಹೇಳಿದ್ದರೂ ನನಗೆ ನೋಯುತ್ತಿರಲಿಲ್ಲ.

“ಕಳುಹಿಸಬೇಡಿ,” ಎಂದೆ. “ಗಂಟಲು ನೋವು ಎಂದರೆ ಅದೇ ದಿನ ಪುತ್ತೂರಿಗೆ ಕರೆದುಕೊಂಡು ಹೋಗಿ. ಶಾಲೆಯಿಂದ ನಾನೇ ಕರೆಯಲಿಕ್ಕೆ ಬಂದರೂ ಕಳುಹಿಸಬೇಡಿ.”

ಬೇರೆ ಯಾರದೋ ಮಗುವಿನ ವಿಷಯ ಹೇಳುವ ಹಾಗೆ ಹೇಳಿದೆ. ಕಾಗದ ಮಡಚಿ ಕುಳಿತೆ.

ಸಭೆ ಚದುರಿದ ಮೇಲೆ ನೆಬೀಸ ಹೋಗದೆ ನಿಂತಿದ್ದಳು. ಸೊಂಟದಲ್ಲಿ ಸಣ್ಣ ಮಗಳು ಮೈಮೂನಾ. ಅಕ್ಕನ ಜೊತೆ ಬಂದು ಒಂದನೇ ಕ್ಲಾಸಿನ ಮೂಲೆಯಲ್ಲಿ ಸುಮ್ಮನೆ ಕೂರುವುದು ಆ ಮಗುವಿಗೆ ಹೋದ ವರ್ಷವೇ ಅಭ್ಯಾಸವಾಗಿತ್ತು. ಇವಳನ್ನೂ ಈ ವರ್ಷ ಸೇರಿಸಬೇಕು ಎಂದಳು ನೆಬೀಸ.

“ಹುಟ್ಟಿದ್ದು ಯಾವಾಗ?” ಎಂದು ಕೇಳಿದೆ.

“ಇವಳಪ್ಪ ಸೈಕಲು ತೆಗೆದ ವರ್ಷ. ಬಕ್ರೀದಿನ ಮರುದಿನ ಬೆಳಿಗ್ಗೆ. ಹಬ್ಬದ ಪಾತ್ರೆ ತೊಳೀತಾ ಇದ್ದೆ ಟೀಚರೇ, ಹೊಟ್ಟೆ ಹಿಡ್ಕೊಂಡು ಒಳಗೆ ಓಡಿದೆ.”

ನಮ್ಮ ಕಡೆ ಮಕ್ಕಳ ಜನನ ದಿನಾಂಕ ಸಿಗುವುದೇ ಹೀಗೆ. ಸೈಕಲು ತೆಗೆದ ವರ್ಷ, ಕರಿ ದನ ಕರು ಹಾಕಿದ ವಾರ, ಅತ್ತೆ ಬಾವಿಗೆ ಬಿದ್ದು ಬದುಕಿದ ದಿನ. ಕಪಾಟಿನಿಂದ ಹಳೆಯ ಪಂಚಾಂಗ ತೆಗೆದು ಹುಡುಕಿದೆ. ಐದು ವರ್ಷ ತುಂಬಲು ಇನ್ನೂ ಒಂದು ತಿಂಗಳು ಚಿಲ್ಲರೆ ದಿನ ಬಾಕಿ ಇತ್ತು.

“ಆಗುವುದಿಲ್ಲ. ಬರುವ ವರ್ಷ ಬಾ,” ಎಂದೆ.

ಭಟ್ಟರು ಒಳಗಿನಿಂದ ಕೇಳಿಸಿಕೊಂಡು ಹೊರಗೆ ಬಂದರು. “ಟೀಚರೇ, ಒಂದು ತಿಂಗಳಿಗೆ ಎಂತ ಬಂತು? ಜೂನ್ ಒಂದು ಅಂತ ಬರೀರಿ. ಈ ತಾಲೂಕಿನ ಅರ್ಧ ಮಕ್ಕಳು ಹುಟ್ಟಿದ್ದು ಜೂನ್ ಒಂದಕ್ಕೇ ಅಲ್ವಾ?”

“ಸುಳ್ಳು ಬರೆಯಲಿಕ್ಕೆ ನನ್ನಿಂದ ಆಗುವುದಿಲ್ಲ.”

ಭಟ್ಟರು ನನ್ನ ಮುಖ ನೋಡಿದರು. ನೆಬೀಸ ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದು ಹೋಗುವವರೆಗೆ ಕಾದು, ಆಮೇಲೆ ತುಂಬ ಮೆಲ್ಲಗೆ ಹೇಳಿದರು. “ಇವಳನ್ನು ಸೇರಿಸಿದ್ರೆ ನಲವತ್ತೊಂದು ಹೆಸರು ಆಗ್ತದೆ. ಒಂದು ತೆಗೆದರೂ ನಲವತ್ತು ಉಳೀತದೆ. ನಾನು ಬೇರೆ ಎಂತದೂ ಹೇಳುದಿಲ್ಲ.”

ನನಗೇನು ಅರ್ಥವಾಗದ್ದಲ್ಲ. ಅವರು ಹೇಳುವ ಮೊದಲೇ ನಾನು ಆ ಲೆಕ್ಕ ಹಾಕಿದ್ದೆ. ಮೈಮೂನಾಳ ಹೆಸರು ಏರಿದರೆ ಗೋದಾವರಿಯ ಹೆಸರಿಗೆ ಪುಸ್ತಕದಲ್ಲಿ ಇರಲು ಯಾವ ಕಾರಣವೂ ಉಳಿಯುವುದಿಲ್ಲ. ಈಗ ಕಾರಣ ಇತ್ತು. ಶಾಲೆ ಉಳಿಯಬೇಕು, ಕ್ಲಾಸು ಉಳಿಯಬೇಕು, ಬೀಫಾತಿಮ ಓದಬೇಕು, ಅದಕ್ಕೆ ಈ ಹೆಸರು ಬೇಕು. ಅಷ್ಟು ಜನಕ್ಕೆ ಬೇಕಾದ ಹೆಸರನ್ನು ಯಾರು ತೆಗೆಯುತ್ತಾರೆ? ನಾನು ಸತ್ಯಹರಿಶ್ಚಂದ್ರನ ಮಗಳಲ್ಲ. ಆ ಪಾಪದ ಮಗುವಿಗೆ ಒಂದು ತಿಂಗಳ ನೆಪ ಹೇಳಿ ಬಾಗಿಲು ಹಾಕಿದ್ದು ನನ್ನ ಸ್ವಾರ್ಥ. ಇದನ್ನು ಇವತ್ತು ಹೇಳುತ್ತಿದ್ದೇನೆ, ಅವತ್ತು ನನ್ನ ಹತ್ತಿರ ನಾನೇ ಹೇಳಿಕೊಳ್ಳಲಿಲ್ಲ.

ಜುಲೈ ಮೊದಲ ವಾರ ಹೊಸ ಇನ್‌ಸ್ಪೆಕ್ಟರು ಬರುತ್ತಾರೆ ಎಂದು ಸುದ್ದಿ ಬಂತು. ಹಳಬರು ಮಕ್ಕಳ ತಲೆ ಎಣಿಸಿ, ಎಳನೀರು ಕುಡಿದು ಹೋಗುವವರು. ಇವರು ಹಾಗಲ್ಲವಂತೆ. ಟೀಚರಿನ ಕೈಯಲ್ಲೇ ಹಾಜರಿ ಕರೆಸಿ, ಎದ್ದು ನಿಂತ ಮಗುವಿನ ಮುಖ ನೋಡಿ, ತಮ್ಮ ಪುಸ್ತಕದಲ್ಲಿ ಗೆರೆ ಹಾಕುತ್ತಾರಂತೆ. ಪಕ್ಕದ ಊರಿನ ಶಾಲೆಯೊಂದರಲ್ಲಿ ಮೂರು ಹೆಸರು ಹೆಚ್ಚು ಸಿಕ್ಕಿ ಒಬ್ಬ ಮಾಸ್ತರನ್ನು ಎತ್ತಿ ಬೇರೆ ಕಡೆ ಹಾಕಿದರಂತೆ. ಭಟ್ಟರಿಗೆ ಎರಡು ದಿನ ಊಟ ಸೇರಲಿಲ್ಲ.

ಬರುವ ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ಅವರು ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಒಳಗೆ ಬರಲಿಲ್ಲ.

“ನಾಳೆ ಏಳನೇ ಹೆಸರು ಬಿಟ್ಟು ಕರೀಬೇಡಿ ಟೀಚರೇ. ಕರೀಲೇ ಬೇಕು. ಮೈಮೂನಾ ಉತ್ತರ ಹೇಳ್ತಾಳೆ. ನೆಬೀಸನ ಹತ್ರ ನಾನೇ ಹೋಗಿ ಮಾತಾಡಿದ್ದೇನೆ. ಮೊದಲು ಆಗುದಿಲ್ಲ ಅಂದಳು. ಸತ್ತ ಮಗುವಿನ ಹೆಸರಿಗೆ ನನ್ನ ಮಗು ಓ ಅನ್ನುದಾ ಅಂತ ಹೆದರಿದಳು. ಆಮೇಲೆ ಬೀಫಾತಿಮನ ಮುಖ ನೋಡಿ ಒಪ್ಪಿದಳು.”

ನಾನು ಸ್ಲೇಟು ಒರೆಸುತ್ತಿದ್ದೆ. ಒರೆಸುತ್ತಲೇ ಇದ್ದೆ.

“ನಿಮಗೆ ಕರೀಲಿಕ್ಕೆ ಆಗುದಿಲ್ಲ ಅಂತಾದ್ರೆ ಈಗಲೇ ಹೇಳಿ. ನಾನು ಇನ್‌ಸ್ಪೆಕ್ಟರ ಕಾಲು ಹಿಡೀತೇನೆ, ಬೇರೆ ದಾರಿ ಇಲ್ಲ.”

“ಕರೆಯುತ್ತೇನೆ,” ಎಂದೆ. “ಒಂದು ಹೆಸರು ತಾನೇ.”

ಹೇಳುವಾಗ ಹಾಗೆಯೇ ಅನಿಸಿತ್ತು. ಒಂದು ಹೆಸರು. ಹತ್ತು ತಿಂಗಳಿನಿಂದ ಅದನ್ನು ಬರೆದಿದ್ದೆ, ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿರಲಿಲ್ಲ ಎಂಬುದೂ ನನ್ನ ಗಮನಕ್ಕೆ ಬಂದಿರಲಿಲ್ಲ.

ಮರುದಿನ ಹತ್ತು ಗಂಟೆಗೆ ಇನ್‌ಸ್ಪೆಕ್ಟರು ಬಂದರು. ಪ್ಯಾಂಟಿನ ಕಾಲು ಮಡಚಿ ಹೊಳೆ ದಾಟಿ ಬಂದಿದ್ದರು. ಒದ್ದೆ ಕಾಲಿನಲ್ಲೇ ಕುರ್ಚಿಯ ಮೇಲೆ ಕುಳಿತು ಪುಸ್ತಕ ತೆರೆದರು. ವಯಸ್ಸಿನಲ್ಲಿ ನನಗಿಂತ ಸಣ್ಣವರು, ಮುಖ ಗಂಟು ಹಾಕಿಕೊಂಡಿದ್ದರೂ ಕೆಟ್ಟವರ ಹಾಗೆ ಕಾಣಲಿಲ್ಲ. ನಾಲ್ಕೂ ಕ್ಲಾಸಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಸಾಲಾಗಿ ಕೂರಿಸಿದ್ದೆವು. ಎರಡನೇ ಕ್ಲಾಸಿನ ಸಾಲಿನ ಕೊನೆಗೆ ಮೈಮೂನಾ. ನೆಬೀಸ ಅವಳ ತಲೆವಸ್ತ್ರ ತೆಗೆದು, ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ಅಬ್ಬಲಿಗೆ ಮುಡಿಸಿ ಕಳುಹಿಸಿದ್ದಳು. ಮಗು ಎರಡೂ ಕೈಯಲ್ಲಿ ಸ್ಲೇಟನ್ನು ಎದೆಗೆ ಅವುಚಿಕೊಂಡು, ಕಣ್ಣು ಮುಚ್ಚದೆ ನನ್ನ ಬಾಯನ್ನೇ ನೋಡುತ್ತಿತ್ತು. ಎಲ್ಲಿ ತಪ್ಪಿಹೋಗುತ್ತದೋ ಎಂಬ ಹೆದರಿಕೆ ಅದಕ್ಕೆ.

ಒಂದನೇ ಕ್ಲಾಸು ಕರೆದೆ. ಎಲ್ಲರೂ ಇದ್ದರು. ಒಬ್ಬೊಬ್ಬರು ಏಳುವಾಗಲೂ ಇನ್‌ಸ್ಪೆಕ್ಟರು ತಲೆ ಎತ್ತಿ ನೋಡಿ ಗೆರೆ ಹಾಕಿದರು. ಎರಡನೇ ಕ್ಲಾಸು ಸುರುಮಾಡಿದೆ. ಒಂದು, ಎರಡು, ಮೂರು. ಐದನೆಯದು ಕುಕ್ಕಪ್ಪನ ಮಗ, ಹಾಜರ್ ಎಂದು ಕೂಗಿದ ರಭಸಕ್ಕೆ ಮಾಡಿನ ಹಲ್ಲಿ ಬೀಳಬೇಕು. ಆರು. ಬಾಗಿಲ ಹತ್ತಿರ ನಿಂತಿದ್ದ ಭಟ್ಟರು ಧೋತರದ ಅಂಚು ಹಿಡಿದುಕೊಂಡರು.

“ಗೋದಾವರಿ,” ಎಂದೆ.

“ಹಾಜರ್ ಟೀಚರ್.”

ಸಣ್ಣ ಸ್ವರ. ಸಾಲಿನ ಕೊನೆಯಲ್ಲಿ ಎರಡು ಜಡೆಯ ಒಂದು ಮಗು ಎದ್ದು ನಿಂತಿತ್ತು. ಇನ್‌ಸ್ಪೆಕ್ಟರು ನೋಡಿದರು, ಗೆರೆ ಹಾಕಿದರು. ಆಯಿತು. ಅಷ್ಟೇ ಇದ್ದದ್ದು. ಎಂಟನೇ ಹೆಸರಿಗೆ ಬೆರಳಿಟ್ಟುಕೊಂಡೆ. ಎಂಟನೇ ಹೆಸರನ್ನು ಓದಿದೆ ಎಂದುಕೊಂಡೆ.

“ಗೋದಾವರಿ,” ಎಂದಿದ್ದೆ.

“ಹಾಜರ್ ಟೀಚರ್,” ಎಂದಿತು ಮಗು, ಕುಳಿತಲ್ಲಿಂದ ಮತ್ತೆ ಎದ್ದು.

ಭಟ್ಟರು ಕೆಮ್ಮಿದರು. ನನಗೆ ಕೇಳಿಸಿತು. ನನಗೆ ಎಲ್ಲ ಗೊತ್ತಿತ್ತು ಮಾರಾಯ್ರೆ, ನನಗೆ ಭ್ರಮೆಯಾಗಿರಲಿಲ್ಲ. ಅದು ಮೈಮೂನಾ ಎಂದು ಗೊತ್ತು, ಪಕ್ಕದಲ್ಲಿ ಇನ್‌ಸ್ಪೆಕ್ಟರು ಇದ್ದಾರೆಂದು ಗೊತ್ತು, ಮೂರನೇ ಸಾಲಿನಲ್ಲಿ ಬೀಫಾತಿಮ ತುಟಿ ಕಚ್ಚಿಕೊಂಡು ಕುಳಿತದ್ದೂ ಕಾಣುತ್ತಿತ್ತು. ಆದರೆ ಆ ಹೆಸರನ್ನು ಕರೆದರೆ ಉತ್ತರ ಬರುತ್ತಿತ್ತು. ಹತ್ತು ತಿಂಗಳು ಎಲ್ಲೂ ಬಾರದ ಉತ್ತರ. ಇನ್ನೊಂದು ಸಲ ಮಾತ್ರ ಎಂದುಕೊಂಡೆ.

“ಗೋದಾವರಿ.”

“ಹಾಜರ್ ಟೀಚರ್.”

“ಗೋದಾವರಿ.”

ಈ ಸಲ ಮಗು ಉತ್ತರ ಹೇಳಲಿಲ್ಲ. ಹೆದರಿತ್ತು. ಇನ್‌ಸ್ಪೆಕ್ಟರು ಪೆನ್ನು ಕೆಳಗಿಟ್ಟರು.

“ಎಂತ ಟೀಚರೇ, ಒಂದೇ ಹೆಸರು ನಾಲ್ಕು ನಾಲ್ಕು ಸಲ?”

ಹೇಳಲು ಸುಳ್ಳು ಎಷ್ಟೋ ಇದ್ದವು. ತಲೆನೋವು ಎನ್ನಬಹುದಿತ್ತು, ಕಣ್ಣು ಮಂಜು ಎನ್ನಬಹುದಿತ್ತು. “ಗೋದಾವರಿ ನನ್ನ ಮಗಳು ಸರ್,” ಎಂದೆ. “ಅವಳು ಇಲ್ಲ. ಸೆಪ್ಟೆಂಬರಿನಲ್ಲಿ ತೀರಿಕೊಂಡಳು. ಜ್ವರ ಇತ್ತು, ನಾನೇ ಇಲ್ಲಿ ತಂದು ಕೂರಿಸಿದ್ದೆ. ಈ ಗೋಡೆಗೆ ಒರಗಿಸಿ ಕೂರಿಸಿದ್ದೆ.”

ಆಮೇಲೆ ನನಗೆ ಅಳು ಬಂತು. ನೆರೆಕರೆಯವರು ನಾಲ್ಕು ದಿನ ಕಾದು ಕುಳಿತರೂ ಬಾರದ ಅಳು, ಅಷ್ಟೂ ಮಕ್ಕಳ ಎದುರು, ಸರಕಾರದ ಎದುರು ಬಂತು. ನಾಚಿಕೆ ಇಲ್ಲದೆ ಅತ್ತೆ. ಮೂಗು, ಬಾಯಿ, ಎಲ್ಲ ಸುರಿಸಿಕೊಂಡು, ಮೇಜು ಹಿಡಿದುಕೊಂಡು ಅತ್ತೆ. ನನ್ನ ಮಗಳು ಹೋದಳು ಎಂಬುದು ನನಗೆ ಆಗ ಗೊತ್ತಾಯಿತು. ಮಕ್ಕಳಲ್ಲಿ ಒಂದಿಬ್ಬರು ಅಳಲು ಸುರುಮಾಡಿದರು, ಉಳಿದವರು ಪಿಳಿಪಿಳಿ ನೋಡುತ್ತ ಕುಳಿತರು.

ಇನ್‌ಸ್ಪೆಕ್ಟರು ಕೆಂಪು ಶಾಯಿಯ ಪೆನ್ನನ್ನು ನನ್ನ ಕಡೆಗೆ ಸರಿಸಿದರು. ಅದು ನಿಷ್ಕರುಣೆಯೋ, ತಾನೇ ಎಳೆಯಬಾರದು ಎಂಬ ಮರ್ಯಾದೆಯೋ ನನಗೆ ಇವತ್ತಿಗೂ ತಿಳಿಯದು. ನಾನು ಪೆನ್ನು ತೆಗೆದುಕೊಂಡೆ. ಏಳನೇ ಹೆಸರಿನ ಮೇಲೆ ಗೆರೆ ಎಳೆದೆ. ಗೆರೆ ಎಂಟನೇ ಹೆಸರಿಗೂ ಸ್ವಲ್ಪ ತಾಗಿತು. ಅವರು ತಮ್ಮ ಪುಸ್ತಕದಲ್ಲಿ ಮೂವತ್ತೊಂಬತ್ತು ಎಂದು ಬರೆದುಕೊಂಡರು. ಆ ಅಂಕೆಯಿಂದ ಏನಾಗುತ್ತದೆ ಎಂದು ಕೋಣೆಯಲ್ಲಿದ್ದ ದೊಡ್ಡವರಿಗೆಲ್ಲ ಗೊತ್ತಿತ್ತು, ಬೀಫಾತಿಮನಿಗೂ ಗೊತ್ತಿತ್ತು. ಅವಳು ತನ್ನ ಸ್ಲೇಟನ್ನು ಚೀಲದ ಒಳಗೆ ಇಟ್ಟಳು. ದಸರಾ ರಜೆಯ ಒಳಗೆ ನನಗೆ ಸುಳ್ಯದ ಆಚೆಗೆ ವರ್ಗವಾಯಿತು, ಆ ಹುಡುಗಿಯ ಓದು ಮೂರನೇ ಕ್ಲಾಸಿಗೇ ನಿಂತಿತು. ನೆಬೀಸ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆದರೆ ಅವತ್ತಿನದು ಇನ್ನೂ ಒಂದು ಮಾತು ಉಳಿದಿದೆ. ನಾನು ಕಣ್ಣು ಒರೆಸಿಕೊಂಡು ತಲೆ ಎತ್ತಿದಾಗ ಮೈಮೂನಾ ಸಾಲು ಬಿಟ್ಟು ನನ್ನ ಮೇಜಿನ ಹತ್ತಿರ ಬಂದು ನಿಂತಿದ್ದಳು. ತನ್ನಿಂದಲೇ ಏನೋ ಕೆಟ್ಟುಹೋಯಿತು ಎಂದು ಅವಳಿಗೆ ಖಾತ್ರಿಯಾಗಿತ್ತು. ಕಣ್ಣು ತುಂಬಿತ್ತು. ನನ್ನ ಸೀರೆಯ ಸೆರಗು ಹಿಡಿದು ಎಳೆದಳು.

“ಟೀಚರ್, ಇನ್ನೊಮ್ಮೆ ಕರೀರಿ. ಈ ಸಲ ಜೋರು ಹೇಳ್ತೇನೆ.”

ನಾನು ಅವಳ ತಲೆಯ ಮೇಲೆ ಕೈ ಇಟ್ಟೆ. ಕರೆದೆ.

“ಮೈಮೂನಾ.”

ಅವಳು ತಲೆ ಆಡಿಸಿದಳು.

“ಅದಲ್ಲ ಟೀಚರ್. ಇನ್ನೊಂದು ಹೆಸರು.”